ಆರು ಗುಂಡಿನ ಸೋದರಮಾವ

ಗೆಳೆಯರೇ, ಒಂದು ಪ್ರಶ್ನೆ. ನಾಳೆ ಯಾರೋ ನಿರ್ದೇಶಕರು ಬಂದು, ‘ನೀನೇ ನಮ್ಮ ಮುಂದಿನ ಸಿಐಡಿ 999, ಸೊಂಟಕ್ಕೆ ಯಾವ ಗನ್ನು ಬೇಕೋ ಆರಿಸ್ಕೋ’ ಅಂದರೆ ಯಾವುದನ್ನು ಆರಿಸ್ತೀರಿ? ಗೊತ್ತು ಬಿಡಿ! ಕಪ್ಪಗೆ ಮಿರಮಿರ ಮಿಂಚುವ ಪಿಸ್ತೂಲು, ಅದರ ಮೂತಿಗೊಂದು ಸೈಲೆನ್ಸರ್ರು. ನಾನೂ ಅದನ್ನೇ ಆರಿಸುತ್ತಿದ್ದೆ. 1968ರಲ್ಲಿ ದೊರೈ-ಭಗವಾನ್ ಅವರ ‘ಜೇಡರ ಬಲೆ’ ಬಂದಾಗ ನನಗೆ ಹತ್ತು ವರ್ಷ. ಹೊಸಪೇಟೆಯ ಟಾಕೀಸಿನಲ್ಲಿ ಅಣ್ಣಾವ್ರನ್ನು ಸೂಟಿನಲ್ಲಿ ಕಂಡಮೇಲೆ ಒಂದು ವಾರ ನಮ್ಮ ಓಣಿಯ ಹುಡುಗರೆಲ್ಲ ಬಲಗೈ ಎರಡು ಬೆರಳನ್ನು ಮಡಚಲೇ ಇಲ್ಲ.

ಆ ಚಿತ್ರಕ್ಕೆ ನನ್ನನ್ನು ಕರಕೊಂಡು ಹೋದವರು ಕಂಪ್ಲಿಯ ನನ್ನ ಸೋದರಮಾವ. ಅವರ ಜೊತೆ ಫೈಟಿಂಗ್ ಪಿಕ್ಚರ್ ನೋಡುವುದೇ ಒಂದು ಶಿಕ್ಷೆ. ಪರದೆ ಮೇಲೆ ಗುಂಡು ಹಾರಿದಂತೆಲ್ಲ ಗಟ್ಟಿಯಾಗಿ ಎಣಿಸೋರು. “ಐದು... ಆರು... ಏಳು... ಎಂಟು! ಅಳಿಯಾ, ಇದು ರಿವಾಲ್ವರ್ರೋ ಅಕ್ಷಯಪಾತ್ರೆಯೋ?” ಹಿಂದಿನ ಬೆಂಚಿನವರು ಉಶ್ ಅಂದರೂ ಬಿಡುತ್ತಿರಲಿಲ್ಲ. ಯಾಕಂದ್ರೆ ನಮ್ಮ ಮಾವನ ಸೊಂಟದಲ್ಲಿ ನಿಜವಾದದ್ದೇ ಇತ್ತು!

ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸ್ ಅಗೆಸುತ್ತಿದ್ದ ಒಬ್ಬ ಕಾಂಟ್ರಾಕ್ಟರರ ಹತ್ತಿರ ಅವರು ಗುಮಾಸ್ತ. ವಾರಕ್ಕೊಮ್ಮೆ ಹೊಸಪೇಟೆಯಿಂದ ಜೀಪಿನಲ್ಲಿ ಪಗಾರದ ಪೆಟ್ಟಿಗೆ ಒಯ್ಯಬೇಕು. ದಾರಿ ಅಂದರೆ ಕೆಂಪು ಧೂಳು, ಕಾಡು, ತಿರುವು. ಜೊತೆಗೆ ಕಂಪ್ಲಿಯವರ ರಕ್ತದಲ್ಲೇ ಒಂದು ಅಂಜಿಕೆ ಇತ್ತು ಅಂತ ನನಗನಿಸುತ್ತೆ. 1948ರ ಸೆಪ್ಟೆಂಬರ್‌ವರೆಗೆ ತುಂಗಭದ್ರೆಯ ಈಚೆ ದಡ ಮದ್ರಾಸ್ ಪ್ರಾಂತ್ಯ, ಆಚೆ ದಡ ನಿಜಾಮನ ರಾಜ್ಯ. ರಜಾಕಾರರ ಸುದ್ದಿ ಕೇಳಿ ರಾತ್ರಿಯೆಲ್ಲ ಹೊಳೆ ಕಡೆ ಕಿವಿ ಕೊಟ್ಟು ಕೂತ ಮನೆಗಳಲ್ಲಿ ಬೆಳೆದವರು ಅವರು.

1966ರಲ್ಲಿ ಲೈಸೆನ್ಸ್ ಕೈಗೆ ಬಂತು. ಸೈನ್ಯ ಬಳಸುವ ಬೋರುಗಳು ಸಾಮಾನ್ಯರಿಗೆ ಸಿಗುವುದಿಲ್ಲ, ಹಾಗಾಗಿ .32 ಬೋರು. ಬಳ್ಳಾರಿಯ ಬಂದೂಕಿನ ಅಂಗಡಿಯವನು ಮೇಜಿನ ಮೇಲೆ ಎರಡು ಹಳೇ ಮಾಲು ಇಟ್ಟನಂತೆ. ಒಂದು ಜರ್ಮನಿಯ ವಾಲ್ಥರ್ ಪಿಸ್ತೂಲು. ತೆಳ್ಳಗೆ, ಅಂಗಿಯೊಳಗೆ ಕಾಣದಂತಹದು. ಇನ್ನೊಂದು ಇಂಗ್ಲೆಂಡಿನ ವೆಬ್ಲಿ ರಿವಾಲ್ವರ್. ಹೊಟ್ಟೆ ಉಬ್ಬಿದ ಹಳೇ ಸಾಹುಕಾರನ ಥರ! ಮಾವ ವೆಬ್ಲಿ ತಂದರು.

“ಪಿಸ್ತೂಲ್ ಯಾಕ್ ತರಲಿಲ್ಲ ಮಾವಾ?” ಅಂತ ನಾನು ಅಳುಮೋರೆ ಹಾಕಿದ್ದಕ್ಕೆ ಅವರು ಹೇಳಿದ್ದು ಇವತ್ತಿಗೂ ನೆನಪಿದೆ. “ತೂಟಾ ಹಳೇದಿರ್ತಾವ ಅಳಿಯಾ, ತ್ಯಾವ ಕುಡಿದಿರ್ತಾವ. ಪಿಸ್ತೂಲಿನಾಗ ಒಂದು ಹುಸಿ ಹೋತು ಅಂದ್ರ ಎರಡೂ ಕೈಲೆ ಹಿಂದಕ್ಕ ಎಳೀಬೇಕು. ಪೆಟ್ಟಿಗಿ ಹಿಡಿಯೋರು ಯಾರು? ಇದಾದ್ರ ಮತ್ತೊಮ್ಮೆ ಕುದುರೆ ಒತ್ತಿದ್ರ ಮುಂದಿನ ಮನಿ ತಾನೇ ಬರ್ತದ.” ನೋಡಿ, ಇಷ್ಟು ಚೊಕ್ಕ ಮಾತು ನಾನು ಯಾವ ಪತ್ತೇದಾರಿ ಕಾದಂಬರಿಯಲ್ಲೂ ಓದಿಲ್ಲ. ಹಾಂ, ಸೈಲೆನ್ಸರ್ ಬಗ್ಗೆ: ರಿವಾಲ್ವರಿನ ಉರುಳೆಗೂ ನಳಿಗೆಗೂ ನಡುವೆ ಸಂದು ಇರುತ್ತೆ, ಸದ್ದು ಅಲ್ಲಿಂದಲೇ ಹೊರಬೀಳುತ್ತೆ. ರಿವಾಲ್ವರಿಗೆ ಸೈಲೆನ್ಸರ್ ಹಾಕಿ ‘ಪುಸ್’ ಅನ್ನಿಸುವ ಖಳನಾಯಕರನ್ನು ಕಂಡರೆ ಇನ್ನುಮೇಲೆ ನೀವೂ ನಗಬಹುದು.

ಬಹಳ ವರ್ಷದ ಮೇಲೆ ತಿಳಿಯಿತು, ಈ ಜಗಳ ಜೇಮ್ಸ್ ಬಾಂಡನನ್ನೂ ಬಿಟ್ಟಿಲ್ಲ! 1956ರಲ್ಲಿ ಜೆಫ್ರಿ ಬೂತ್ರಾಯ್ಡ್ ಎಂಬ ಗ್ಲಾಸ್ಗೋದ ಬಂದೂಕು ಪಂಡಿತರು ಕಾದಂಬರಿಕಾರ ಇಯಾನ್ ಫ್ಲೆಮಿಂಗರಿಗೆ ಪತ್ರ ಬರೆದರು. ನಿಮ್ಮ ಬಾಂಡ್ ಹಿಡಿದಿರುವ ಬೆರೆಟ್ಟಾ ಹೆಂಗಸರಿಗೆ ಲಾಯಕ್ಕು, ರಿವಾಲ್ವರ್ ಕೊಡಿ ಎಂಬ ಸಲಹೆ. ಅಂದರೆ ನಮ್ಮ ಮಾವನ ಪಕ್ಷ! ಫ್ಲೆಮಿಂಗ್ ಅರ್ಧ ಕೇಳಿದರು. 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಬೆರೆಟ್ಟಾ ಕಸಿದುಕೊಂಡು ವಾಲ್ಥರ್ ಪಿಪಿಕೆ ಕೊಡಿಸಿದರು, ಕೊಡುವ ಮೇಜರನಿಗೆ ಬೂತ್ರಾಯ್ಡ್ ಅಂತಲೇ ಹೆಸರಿಟ್ಟರು. ಇನ್ನೂ ಮಜಾ ಕೇಳಿ. ಶಾನ್ ಕಾನರಿ ಎದೆಗೆ ಪಿಸ್ತೂಲು ಒತ್ತಿಕೊಂಡು ನಿಂತ ಆ ಪ್ರಸಿದ್ಧ ಫೋಟೋ ಇದೆಯಲ್ಲ, ಅದರಲ್ಲಿರೋದು ಪಿಪಿಕೆ ಅಲ್ಲವೇ ಅಲ್ಲ. ಅಸಲಿ ಪ್ರಾಪರ್ಟಿ ತರೋದು ಮರೆತಿದ್ದರಿಂದ ಫೋಟೋಗ್ರಾಫರ್ ತನ್ನ ಗಾಳಿ ಪಿಸ್ತೂಲನ್ನೇ ಕೈಗಿಟ್ಟ!

ನಮ್ಮ ಹಂಪಿ ಕಡೆ ಇದೆಲ್ಲ ತೀರಾ ಹೊಸದೂ ಅಲ್ಲ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರ ಪೋರ್ಚುಗೀಸ್ ಕೋವಿಕಾರರು ಕಾದಿದ್ದರು. ಆದರೆ ಬತ್ತಿ ಹಚ್ಚುವ ಆ ಉದ್ದನೆಯ ಕೋವಿ ಸೊಂಟಕ್ಕೆ ಸಿಕ್ಕಿಸುವ ವಸ್ತುವಲ್ಲ. ಸೊಂಟಕ್ಕೆ ಕಠಾರಿಯೇ ಗತಿ.

ಮಾವನ ಕಥೆಗೆ ಬರ್ತೀನಿ. 1971ರ ಒಂದು ಸಂಜೆ, ಗುಡ್ಡದ ತಿರುವಿನಲ್ಲಿ ರಸ್ತೆಗೆ ಅಡ್ಡ ಬಂಡೆ. ಜೀಪು ನಿಂತಿತು. ಪೊದೆಯಿಂದ ಹತ್ತು ಜನ ಎದ್ದು ಬಂದರು, ಕೈಯಲ್ಲಿ ಗುದ್ದಲಿ, ಹಾರೆ. ಡ್ರೈವರ್ “ಹೊಡೀರಿ ಯಜಮಾನ್ರೇ” ಅಂದನಂತೆ. ಮಾವನ ಕೈ ಚರ್ಮದ ಚೀಲದ ಗುಂಡಿ ಬಿಚ್ಚಿಯೂ ಆಗಿತ್ತು. ಅಷ್ಟರಲ್ಲಿ ದೀಪದ ಬೆಳಕಿಗೆ ಮುಖಗಳು ಕಂಡವು. ಎಲ್ಲ ಮಸ್ಟರ್ ರೋಲಿನ ಮುಖಗಳೇ! ಮೂರು ವಾರದಿಂದ ಪಗಾರ ಕಾಣದ ಆಳುಗಳು. ಆ ವಾರದ ಹಣವನ್ನೂ ಬೇರೆ ಗಣಿಗೆ ಸಾಗಿಸಿ ಅಂತ ಕಾಂಟ್ರಾಕ್ಟರರ ಹುಕುಂ ಆಗಿತ್ತು.

ಮಾವ ಗುಂಡಿ ಮತ್ತೆ ಹಾಕಿದರು. ಬಾನೆಟ್ಟಿನ ಮೇಲೆ ಪೆಟ್ಟಿಗೆ ತೆರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಹತ್ತು ಜನಕ್ಕೂ ಮೂರು ವಾರದ್ದು ಎಣಿಸಿ ಕೊಟ್ಟರು. ತಿಂಗಳೊಳಗೆ ಕೆಲಸ ಹೋಯಿತು. ಎರಡು ವರ್ಷ ಅತ್ತೆ ಎಮ್ಮೆ ಹಾಲು ಮಾರಿ ಮನೆ ನಡೆಸಿದರು. ಯಾಕೆ ಹೊಡೀಲಿಲ್ಲ ಅಂತ ನಾನು ಕೇಳಿದರೆ ಗುಮಾಸ್ತರ ಉತ್ತರ: “ಮಂದಿ ಹತ್ತು, ಗುಂಡು ಆರು. ಹೆಂಗ ಕೂಡಿಸಿದ್ರೂ ತಾಳೆ ಆಗಂಗಿಲ್ಲ ಅಳಿಯಾ.”

2004ರಲ್ಲಿ ಮಾವ ತೀರಿಕೊಂಡರು. ಲೈಸೆನ್ಸುದಾರ ಸತ್ತರೆ ವಾರಸುದಾರರು ಗನ್ನನ್ನು ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು. ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಅವರ ಮಗ ಬೆಂಗಳೂರಿನವನು, “ನೀವೇ ಅರ್ಜಿ ಹಾಕಿ ಭಾವ, ನಿಮಗೆ ಚಿಕ್ಕಂದಿನಿಂದ ಆಸೆ” ಅಂದ. ಆಸೆ ಇದ್ದದ್ದು ನಿಜ. ಆ ರಾತ್ರಿ ಕನ್ನಡಿ ಮುಂದೆ ಒಂದು ಸಲ ಸೊಂಟಕ್ಕೆ ಕಟ್ಟಿಯೂ ನೋಡಿದೆ. ಭಾರ ಇತ್ತು ಕಣ್ರೀ, ಪರದೆ ಮೇಲೆ ಯಾರೂ ತೋರಿಸದಷ್ಟು ಭಾರ.

ಬೆಳಿಗ್ಗೆ ಇಬ್ಬರೂ ಹೋಗಿ ಠಾಣೆಗೆ ಒಪ್ಪಿಸಿದೆವು. ಮುನ್ಷಿ ತೂಟಾ ಡಬ್ಬಿ ಸುರುವಿ ಎಣಿಸಿದ. ಇಪ್ಪತ್ತೈದು ಕೊಂಡದ್ದು ಅಂತ ಲೈಸೆನ್ಸಿನಲ್ಲಿ ಬರೆದಿತ್ತು, ಇಪ್ಪತ್ತೈದೂ ಇದ್ದವು.