ಕೇಳದೆ ಹಾಕಿದ ಅಂಕ

ಅಭಿಮಾನವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಗರ್ವವೆಂಬುದೇ ಮುಖ್ಯವಾದ ಅರ್ಥ. ಕನ್ನಡಿಗರು ಅದನ್ನು ತೆಗೆದುಕೊಂಡು ಪ್ರೀತಿಯೆಂಬ ಅರ್ಥವನ್ನೂ ಕೂಡಿಸಿದರು. ಒಬ್ಬ ಗಾಯಕನ ಅಭಿಮಾನಿಯೆಂದರೆ ಅವನ ಹಾಡನ್ನು ಪ್ರೀತಿಸುವವನೆಂದು ಈಗ ಎಲ್ಲರೂ ತಿಳಿಯುತ್ತಾರೆ. ಆದರೆ ಹಳೆಯ ಅರ್ಥವು ಆ ಶಬ್ದವನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲವೆಂಬುದನ್ನು ನಮ್ಮ ಜಗಲಿಯ ಮೇಲೆ ನಡೆದ ಒಂದು ಸಣ್ಣ ವ್ಯವಹಾರದಿಂದ ನಾವು ಕಂಡುಕೊಂಡೆವು. ಅದನ್ನು ವಾಚಕರ ಮುಂದಿಡುವುದು ನಮಗೆ ಅಷ್ಟೇನೂ ಗೌರವದ ಸಂಗತಿಯಲ್ಲ, ಆದರೂ ಇಡುತ್ತೇವೆ.

ನಮ್ಮ ಮನೆ ಮೈಸೂರಿನ ಗೋಕುಲಂ ಬಡಾವಣೆಯಲ್ಲಿದೆ. ಸಂಜೆ ಐದೂವರೆಯಾಯಿತೆಂದರೆ ನಾಲ್ಕಾರು ಮಂದಿ ಸ್ನೇಹಿತರು ಬಂದು ಜಗಲಿಯ ಮೇಲೆ ಕೂಡುವುದು ಬಹುಕಾಲದ ವಾಡಿಕೆ. ಕಾಫಿಯಾದ ಮೇಲೆ ರಾಜಕೀಯ, ಅದಾದ ಮೇಲೆ ಸಂಗೀತ. ರಾಜಕೀಯದಲ್ಲಿ ನಮ್ಮಲ್ಲಿ ಎಂದೂ ಜಗಳವಾದುದಿಲ್ಲ, ಆದುದೆಲ್ಲವೂ ಸಂಗೀತದಲ್ಲಿಯೇ.

2008ನೆಯ ಇಸವಿಯಲ್ಲಿ ನಮ್ಮ ಚಿರಂಜೀವಿಯು ಪಿ.ಯು.ಸಿ. ತರಗತಿಯಲ್ಲಿ ಓದುತ್ತಿದ್ದನು. ಒಂದು ದಿನ ಅವನು ತನ್ನ ಕೈಖರ್ಚಿನ ಹಣದಿಂದ ಒಂದು ಸಿ.ಡಿ. ತಟ್ಟೆಯನ್ನು ಕೊಂಡುತಂದನು. ಅದು ಶ್ರೀ ರಘು ದೀಕ್ಷಿತರ ಹೊಸ ತಂಡದ ಮೊದಲನೆಯ ಗೀತಸಂಪುಟ. ಈ ದೀಕ್ಷಿತರು ಹುಟ್ಟಿದುದು ನಾಸಿಕದಲ್ಲಾದರೂ ಬೆಳೆದುದು ನಮ್ಮ ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ ಚಿನ್ನದ ಪದಕವನ್ನು ಪಡೆದವರು, ಭರತನಾಟ್ಯವನ್ನು ಕಲಿತವರು. ಸಹಪಾಠಿಯೊಬ್ಬನು ಹಾಕಿದ ಪಂಥಕ್ಕಾಗಿ ಗಿಟಾರನ್ನು ಕೈಗೆ ತೆಗೆದುಕೊಂಡು, ಆಮೇಲೆ ಅದನ್ನು ಕೆಳಗಿಡಲಾರದೆ ಹೋದರು. ಬಣ್ಣದ ಲುಂಗಿಯನ್ನುಟ್ಟು, ಕಾಲಿಗೆ ಗೆಜ್ಜೆಯನ್ನು ಕಟ್ಟಿಕೊಂಡು ರಂಗವನ್ನೇರುವುದು ಅವರ ಪದ್ಧತಿ. ಮೊದಲು 'ಅಂತರಾಗ್ನಿ' ಎಂಬ ತಂಡವನ್ನು ಕಟ್ಟಿದ್ದರು. ಅದು ಕೆಲವು ವರ್ಷ ನಡೆದು ಒಡೆದುಹೋಯಿತು. ಅನಂತರ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಹೆಸರಿನಿಂದ ಹೊಸ ತಂಡವನ್ನು ಕಟ್ಟಿ, ಅದರ ಚೊಚ್ಚಲ ಸಂಪುಟಕ್ಕೆ ಹಳೆಯ ತಂಡದ ಹೆಸರನ್ನೇ ಇಟ್ಟರು. ಹೋದವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವಂತೆ!

ಆ ಸಂಪುಟದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಈ ಮೂರು ಭಾಷೆಗಳ ಹಾಡುಗಳೂ ಇವೆ. ಕನ್ನಡದವೆರಡೂ ಶಿಶುನಾಳದ ಷರೀಫ ಸಾಹೇಬರ ತತ್ತ್ವಪದಗಳು. ಒಂದು ಗುಡುಗುಡಿಯನ್ನು ಸೇದುವ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಮೊದಲನೆಯದನ್ನು ಕುಣಿಯುವ ಲಯದಲ್ಲಿಯೂ ಎರಡನೆಯದನ್ನು ನಿಧಾನವಾಗಿಯೂ ಹಾಡಿದ್ದಾರೆ.

ತಟ್ಟೆಯ ಸುದ್ದಿ ಜಗಲಿಗೆ ಬಂದೊಡನೆ ಸಭೆಯು ಪಕ್ಷ ಪಕ್ಷವಾಗಿ ಒಡೆಯಿತು. ಮಗನ ಸ್ನೇಹಿತನೊಬ್ಬನ ಅಣ್ಣನು ಕಾಲೇಜಿನ ಉತ್ಸವಗಳಲ್ಲಿ ಹಳೆಯ ತಂಡವನ್ನು ಕೇಳಿದವನು. "ಆಗಿನ ಪಿಟೀಲಿನ ಹೊಳಪು ಇದರಲ್ಲಿ ಎಲ್ಲಿದೆ? ಎಲ್ಲವನ್ನೂ ನಯಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ" ಎಂಬುದು ಅವನ ದುಃಖ. ಬ್ಯಾಂಕಿನಿಂದ ನಿವೃತ್ತರಾಗಿದ್ದ ನಮ್ಮ ಮಿತ್ರರೊಬ್ಬರು ಸಿ. ಅಶ್ವತ್ಥರ ಪರಮಭಕ್ತರು. ಷರೀಫರ ಪದಗಳನ್ನು ಅಶ್ವತ್ಥರು ಹಾಡಿಯಾದ ಮೇಲೆ ಮತ್ತೊಬ್ಬರು ಬಾಯಿ ತೆರೆಯುವುದೇ ಅಪಚಾರವೆಂದು ಅವರು ತೀರ್ಪುಕೊಟ್ಟರು. ಕನ್ನಡದ ಅಧ್ಯಾಪಕರಾದ ಇನ್ನೊಬ್ಬರಿಗೆ ಹಾಡಿನ ವಿಷಯದಲ್ಲಿ ತಕರಾರಿರಲಿಲ್ಲ; ಮೈಸೂರಿನ ಹುಡುಗನು ತನ್ನ ಚೊಚ್ಚಲ ಸಂಪುಟದಲ್ಲಿ ಹಿಂದಿಗೆ ಅಷ್ಟೊಂದು ಜಾಗವನ್ನೇಕೆ ಕೊಟ್ಟನೆಂಬುದೇ ಅವರ ಆಕ್ಷೇಪಣೆ. ಕಾಂಪೌಂಡಿನ ಗೋಡೆಯ ಮೇಲೆ ಕುಳಿತಿದ್ದ ಹುಡುಗರು ಮಾತ್ರ ಯಾವ ವಾದವನ್ನೂ ಹೂಡಲಿಲ್ಲ. ಗುಡುಗುಡಿಯ ಪದವನ್ನು ಗುನುಗುತ್ತ ಕಾಲು ಕುಣಿಸುತ್ತಿದ್ದರು. ಷರೀಫರ ಹೆಸರನ್ನು ಅದಕ್ಕೆ ಮುಂಚೆ ಅವರಲ್ಲಿ ಎಷ್ಟು ಮಂದಿ ಕೇಳಿದ್ದರೋ!

ಕೊನೆಗೆ ಎಲ್ಲರೂ ನಮ್ಮ ಕಡೆಗೆ ತಿರುಗಿದರು. ಮಹಾರಾಜಾ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರು, ಅಲಂಕಾರಶಾಸ್ತ್ರವನ್ನು ಬಲ್ಲವರು ಎಂಬ ಹೆಸರು ನಮಗೆ ಇತ್ತಷ್ಟೆ. ನಾವು ಕನ್ನಡಕವನ್ನು ತೆಗೆದು ಒರೆಸಿಕೊಂಡು ಹೇಳಿದೆವು: "ಏಕತಾರಿಯ ಪದಕ್ಕೆ ಗಿಟಾರು ಹೊಂದುವುದಿಲ್ಲ. ಅಲ್ಲಿರುವುದು ವೈರಾಗ್ಯ, ಇಲ್ಲಿರುವುದು ಆರ್ಭಟ. ರಸಕ್ಕೂ ವಾದ್ಯಕ್ಕೂ ಔಚಿತ್ಯವಿಲ್ಲದಿದ್ದರೆ ಅದು ರಸಾಭಾಸವಲ್ಲದೆ ಮತ್ತೇನು?" ಎಲ್ಲರೂ ತಲೆದೂಗಿದರು. ಬಾಗಿಲಿನಲ್ಲಿ ನಿಂತಿದ್ದ ಮಗನು ಮೆಲ್ಲಗೆ, "ಕೇಳಿದಿರಾ ಅಪ್ಪಾ?" ಎಂದನು.

ನಾವು ಕೇಳಿರಲಿಲ್ಲ. ಮೇಷ್ಟರಾಗಿದ್ದ ಅಷ್ಟು ವರ್ಷಗಳಲ್ಲಿ ಉತ್ತರಪತ್ರಿಕೆಯನ್ನು ಓದದೆ ಅಂಕವನ್ನು ಹಾಕಿದುದು ನಮಗೆ ನೆನಪಿಲ್ಲ. ಆ ಸಂಜೆ ಹಾಕಿದೆವು. "ಕೇಳತಕ್ಕದ್ದೇನಿದೆ?" ಎಂದು ಗದರಿಸಿ ಒಳಕ್ಕೆ ಕಳುಹಿಸಿದೆವು. ಅವನು ಆಮೇಲೆ ನಮ್ಮೆದುರಿಗೆ ಆ ತಟ್ಟೆಯನ್ನು ಹಾಕಲಿಲ್ಲ. ಅದರ ಮಾತನ್ನೂ ಎತ್ತಲಿಲ್ಲ.

ಆದರೆ ತನ್ನ ಅಜ್ಜಿಯ ಕೋಣೆಯಲ್ಲಿ ಹಾಕುತ್ತಿದ್ದನು. ನಮ್ಮ ತಾಯಿಯವರು ಹಾವೇರಿಯ ಕಡೆಯವರು. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹವನ್ನಿಟ್ಟ ಶಿಶುವಿನಹಾಳವೂ ಆ ಸೀಮೆಯದೇ. ಚಿಕ್ಕವರಿದ್ದಾಗ ಊರಿನ ಭಜನೆಯಲ್ಲಿ ಆ ಪದಗಳನ್ನು ಕೇಳಿ ಬೆಳೆದವರು, ಮದುವೆಯಾಗಿ ಮೈಸೂರಿಗೆ ಬಂದರು. ಒಂದು ಮಧ್ಯಾಹ್ನ ನಾವು ಶಾಲೆಯಿಂದ ಬೇಗನೆ ಬಂದಾಗ ಕೋಣೆಯೊಳಗಿನಿಂದ ಎರಡು ಧ್ವನಿಗಳು ಕೇಳಿಬಂದುವು. ಒಂದು ಯಂತ್ರದೊಳಗಿನದು, ಇನ್ನೊಂದು ನಮ್ಮ ತಾಯಿಯವರದು. ಎರಡೂ ಒಂದೇ ಪದವನ್ನು ಹಾಡುತ್ತಿದ್ದುವು. ಆದರೆ ದಾರಿ ಬೇರೆ ಬೇರೆ. ನಾವು ಬಾಗಿಲಿನ ಹೊರಗೆ ನಿಂತೆವು. ಹಾಡು ಮುಗಿದ ಮೇಲೆ ಅವರು ಮೊಮ್ಮಗನಿಗೆ, "ನಮ್ಮೂರಾಗ ಹೀಂಗ ಹಾಡತಿದ್ದಿಲ್ಲ. ಕಡೀ ನುಡೀನೂ ಬ್ಯಾರೇನ ಇತ್ತು. ಆದರ ಈ ಹುಡುಗ ತನ್ನ ಮನೀನ ಸೋರಾಕತ್ತದೋ ಅನ್ನೂಹಂಗ ಹಾಡ್ಯಾನ" ಎಂದರು.

ಈ ಮಾತನ್ನು ಹೇಳಿದವರು ಸುಲಭವಾಗಿ ಮೆಚ್ಚತಕ್ಕವರಲ್ಲ. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರವು ಬಂದಾಗ ನಾವೇ ಅವರನ್ನು ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಿದ್ದೆವು. ಸಂಗೀತವು ಅಶ್ವತ್ಥರದು. ನಾವು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರೆ ತಾಯಿಯವರು, "ಛಲೋ ಐತಿ. ಆದರ ದಮ್ಮಡೀನ ಇಲ್ಲಲ್ಲ. ಇಷ್ಟೆಲ್ಲಾ ವಾದ್ಯ ಷರೀಫಗ ಯಾಕ?" ಎಂದಿದ್ದರು. ಆಗ ನಾವು ಅವರಿಗೆ ಕಾಲಧರ್ಮವನ್ನು ಕುರಿತು ದೀರ್ಘವಾದ ಉಪದೇಶವನ್ನು ಮಾಡಿದೆವು. ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ ಅವರಾಡಿದ ಆಕ್ಷೇಪಣೆಯನ್ನು ನಾವು ಆಡಿದೆವು. ನಾವು ಮಾಡಿದ ಉಪದೇಶವನ್ನು ಅವರು ನೆನಪಿನಲ್ಲಿಟ್ಟುಕೊಂಡಿದ್ದರು!

ದೀಕ್ಷಿತರೆಂದರೆ ನಮ್ಮ ಜಗಲಿಗೆ ಮೊದಲು ನೆನಪಾಗತಕ್ಕವರು ಮುತ್ತುಸ್ವಾಮಿ ದೀಕ್ಷಿತರು. 1835ರಲ್ಲಿ ತೀರಿಕೊಂಡ ಆ ಮಹನೀಯರು ಆಂಗ್ಲರ ವಾದ್ಯಮೇಳದ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು, ಅವನ್ನೇ ನೋಟ್ಟುಸ್ವರಗಳೆನ್ನುತ್ತಾರೆ. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪರದೇಶದ ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಆ ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿ ನಮ್ಮ ಮೈಸೂರಿನ ಚೌಡಯ್ಯನವರು ಅದನ್ನು ನಮ್ಮ ಮನೆಯ ಮಗಳನ್ನಾಗಿ ಮಾಡಿದರು. ಕದ್ರಿ ಗೋಪಾಲನಾಥರ ಮನಸ್ಸು ಸ್ಯಾಕ್ಸೊಫೋನಿಗೆ ಸೋತುದೂ ಮೈಸೂರು ಅರಮನೆಯ ಬ್ಯಾಂಡನ್ನು ಕೇಳಿದ ಮೇಲೆಯೇ. ಇಷ್ಟನ್ನೂ ಬಲ್ಲ ನಾವು, ಒಂದು ಗಿಟಾರಿಗೆ ಬಾಗಿಲನ್ನು ಹಾಕಿದೆವು. ಬಲ್ಲದುದರಿಂದ ತಪ್ಪಿದರೆ ಕ್ಷಮೆಯುಂಟು. ಬಲ್ಲುದನ್ನು ಮರೆತು ತಪ್ಪಿದವನಿಗೆ ಯಾವ ನೆವವಿದೆ?

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದ ಪ್ರಸ್ತಾವನೆಯನ್ನು ನಾವು ಎಷ್ಟೋ ತಂಡಗಳ ಹುಡುಗರಿಗೆ ಪಾಠ ಹೇಳಿದ್ದೇವೆ. ಭಾಸ, ಸೌಮಿಲ್ಲ, ಕವಿಪುತ್ರ ಮುಂತಾದ ಹೆಸರಾಂತ ಕವಿಗಳಿರುವಾಗ, ಇನ್ನೂ ಬದುಕಿರುವ ಈ ಕಾಳಿದಾಸನ ನಾಟಕಕ್ಕೆ ಇಷ್ಟೊಂದು ಆದರವೇಕೆಂದು ಅಲ್ಲಿ ಪಾರಿಪಾರ್ಶ್ವಕನು ಕೇಳುತ್ತಾನೆ. ಹಳೆಯದೆಂದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ, ಹೊಸದೆಂದ ಮಾತ್ರಕ್ಕೆ ಕೆಟ್ಟದಾಗುವುದಿಲ್ಲ. ತಿಳಿದವನು ಪರೀಕ್ಷಿಸಿ ನೋಡುವನು ಎಂಬ ಭಾವದಲ್ಲಿ ಸೂತ್ರಧಾರನು ಉತ್ತರ ಕೊಡುತ್ತಾನೆ. ಕಾಳಿದಾಸನಿಗೂ ತಪ್ಪದ ಪ್ರಶ್ನೆಯದು. ಅದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ ಬಾಯಿಯೇ ಜಗಲಿಯ ಮೇಲೆ ರಸಾಭಾಸವೆಂದಿತು. ಪರೀಕ್ಷಿಸದೆ!

ತಾಯಿಯವರ ಮಾತನ್ನು ಕೇಳಿದ ಮೇಲಾದರೂ ಒಳಕ್ಕೆ ಹೋಗಿ ಕೂಡಬಹುದಾಗಿತ್ತು. ಆದರೆ ಹೊರಗೆ ಹೇಳಿದ ತೀರ್ಪನ್ನು ಒಳಗೆ ತಿದ್ದಿಕೊಳ್ಳುವುದು ಹೇಗೆ? ಹೀಗೆ ಎರಡು ವರ್ಷಗಳಾದುವು. 2010ರಲ್ಲಿ ದೀಕ್ಷಿತರು ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿ ಅಲ್ಲಿನವರ ಮನಸ್ಸನ್ನು ಗೆದ್ದರು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯವರು ಅವರಿಗೆ ಶ್ರೇಷ್ಠ ನವಾಗತರೆಂಬ ಪ್ರಶಸ್ತಿಯನ್ನು ಕೊಟ್ಟರು. ಹತ್ತು ವರ್ಷಗಳಿಗೂ ಮೇಲ್ಪಟ್ಟು ಹಾಡಿದವರು ಅಲ್ಲಿ ನವಾಗತರಾದರು! 2012ರಲ್ಲಿ ಎಲಿಜಬೆತ್ ರಾಣಿಯವರ ವಜ್ರಮಹೋತ್ಸವದ ಸಂದರ್ಭದಲ್ಲಿ ವಿಂಡ್ಸರಿನಲ್ಲಿ ಅವರ ಗಾಯನವಾಯಿತು. ಕೂಡಲೆ ನಮ್ಮ ಜಗಲಿಯ ಗಾಳಿ ತಿರುಗಿತು. ಅಪಚಾರವೆಂದಿದ್ದವರು, "ನಮ್ಮ ಮೈಸೂರಿನ ಹುಡುಗ!" ಎಂದರು. ಹಿಂದಿಯ ಮಾತನ್ನು ಯಾರೂ ಎತ್ತಲಿಲ್ಲ.

ಗೋಕುಲದವರಾದ ನಮಗೆ ಇದು ಹೊಸ ನೋಟವಲ್ಲ. ನಾವು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ಪಟ್ಟಾಭಿ ಜೋಯಿಸರು ದಶಕಗಳ ಕಾಲ ಯೋಗವನ್ನು ಕಲಿಸಿದ್ದರು. ಅವರ ಯೋಗಶಾಲೆಯು ಲಕ್ಷ್ಮೀಪುರದಿಂದ ನಮ್ಮ ಬಡಾವಣೆಗೆ ಬಂದ ಮೇಲೆ, ಕೋಳಿ ಕೂಗುವುದಕ್ಕೆ ಮುಂಚೆ ಪರದೇಶದವರು ಚಾಪೆಯನ್ನು ಬಗಲಲ್ಲಿಟ್ಟುಕೊಂಡು ನಮ್ಮ ಬೀದಿಗಳಲ್ಲಿ ನಡೆಯುವುದನ್ನು ಕಂಡೆವು. ಅವರನ್ನು ಕಂಡ ಮೇಲಲ್ಲವೆ ನಮ್ಮಲ್ಲಿ ಹಲವರು ಚಾಪೆಯನ್ನು ಕೊಂಡುದು? ಮನೆಯ ವಸ್ತುವಿಗೆ ಬೆಲೆ ಕಟ್ಟಲು ನಾವು ಹೊರಗಿನವರನ್ನು ಕಾಯುತ್ತೇವೆ. ಹೀಗಿರಲು ಲಂಡನ್ನಿನವರು ಮೆಚ್ಚಿದರೆಂದು ಕೇಳುವುದು ನಮಗೆ ಇನ್ನೂ ಹೀನವಾಗಿ ತೋರಿತು. ಮೊದಲು ಹಟದಿಂದ ಕೇಳಲಿಲ್ಲ. ಆಮೇಲೆ ಹಟಕ್ಕೆ ತತ್ತ್ವದ ವೇಷವನ್ನು ತೊಡಿಸಿ ಕೇಳಲಿಲ್ಲ. ಮಗನು ಓದು ಮುಗಿಸಿ ಪರದೇಶಕ್ಕೆ ಹೊರಟುಹೋದನು.

2019ರಲ್ಲಿ ನಮ್ಮ ತಾಯಿಯವರು ತೀರಿಕೊಂಡರು. ಕರ್ಮಾಂತರಗಳು ಮುಗಿದ ಮೇಲೆ ನಮ್ಮ ಗೃಹಿಣಿಯು ಅವರ ಪೆಟ್ಟಿಗೆಯನ್ನು ತೆಗೆದಾಗ, ಮಡಿಸಿಟ್ಟ ಇಳಕಲ್ಲಿನ ಸೀರೆಗಳ ನಡುವೆ ಆ ತಟ್ಟೆ ಸಿಕ್ಕಿತು. ಮಗನು ಹೊರಡುವಾಗ ಅಜ್ಜಿಗೆ ಕೊಟ್ಟುಹೋಗಿದ್ದನಂತೆ. ಆ ರಾತ್ರಿ ಅವರ ಕೋಣೆಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಿದೆವು.

ನಮ್ಮ ಅಭಿಪ್ರಾಯವನ್ನು ವಾಚಕರು ಕೇಳಬಹುದು. ಇಂಗ್ಲಿಷಿನ ಪ್ರೇಮಗೀತೆಯು ನಮ್ಮ ವಯಸ್ಸಿನವರಿಗಲ್ಲ. ಗುಡುಗುಡಿಯ ಪದದಲ್ಲಿ ಲಯವು ಒಮ್ಮೊಮ್ಮೆ ಅರ್ಥವನ್ನು ಹಿಂದಿಕ್ಕಿ ಓಡುತ್ತದೆಂದು ಈಗಲೂ ಹೇಳುತ್ತೇವೆ. ಆದರೆ ಸೋರುವ ಮಾಳಿಗೆಯ ಪದದಲ್ಲಿ ನಾವು ಎಣಿಸಿದ್ದ ಆರ್ಭಟವು ಎಲ್ಲಿಯೂ ಇರಲಿಲ್ಲ. ಅಲ್ಲಿದ್ದುದು ಕತ್ತಲೆಯಲ್ಲಿ ಒಬ್ಬನೇ ಕುಳಿತವನ ಧ್ವನಿ. ತಾಯಿಯವರು ಹೇಳಿದುದು ಸರಿಯಾಗಿತ್ತು.

ಅವರ ಊರಿನ ಕಡೆಯ ನುಡಿ ಹೇಗಿತ್ತೆಂದು ಕೇಳೋಣವೆಂದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಹನ್ನೊಂದು ವರ್ಷ ಗೋಡೆಯ ಆಚೆಗೆ ಅದು ನಮಗಾಗಿ ಕಾದಿತ್ತು. ಒಳಕ್ಕೆ ಹೋಗಿ, "ಅಮ್ಮಾ, ನಿಮ್ಮೂರಿನಲ್ಲಿ ಹೇಗೆ ಹಾಡುತ್ತಿದ್ದರು?" ಎಂದಿದ್ದರೆ ಬರೆದಿಟ್ಟುಕೊಳ್ಳಬಹುದಾಗಿತ್ತು. ಗ್ರಂಥಗಳ ಪಾಠಾಂತರಗಳನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದ ನಾವು, ಮನೆಯೊಳಗಿದ್ದ ಒಂದು ಪಾಠವನ್ನು ಹೀಗೆ ಕಳೆದುಕೊಂಡೆವು.

ಈಚೆಗೆ ಮಗನು ದೂರವಾಣಿಯಲ್ಲಿ ಮಾತನಾಡುತ್ತಿದ್ದಾಗ ಸಂಗೀತದ ಪ್ರಸ್ತಾಪ ಬಂತು. ಅವನಿಗೂ ಈಗ ಮೂವತ್ತು ದಾಟಿದೆ. "ದೀಕ್ಷಿತರ ಈಚಿನ ಹಾಡುಗಳಲ್ಲಿ ಏನೂ ಇಲ್ಲ ಅಪ್ಪಾ. ಆ ಮೊದಲನೆಯ ತಟ್ಟೆಯ ರುಚಿ ಮತ್ತೆ ಬರಲೇ ಇಲ್ಲ" ಎಂದನು. ನಾವು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿದೆಯಾ ಮಗು?" ಎಂದೆವು.

ಆ ಕಡೆಯಿಂದ ಉತ್ತರವು ಸ್ವಲ್ಪ ತಡವಾಗಿ ಬಂತು. ಬಂದುದು ಉತ್ತರವಲ್ಲ, ನಗೆ.