ಕಾರ್ಡಾದ್ರೆ ಎರಡು ಪರ್ಸೆಂಟ್

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಸಾಮಾನು ಕೊಂಡವರಿಗೆ ಈ ಮಾತು ಹೊಸದಲ್ಲ: "ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್." ಚೌಕಾಸಿ ಮುಗಿದು, ಬೆಲೆ ಕುದುರಿ, ಕಾರ್ಡು ಕೈಗೆ ಬಂದ ಮೇಲೆ ಈ ಮಾತು ಬರುತ್ತದೆ. ಗಿರಾಕಿಯ ಮುಖ ಗಂಟಿಕ್ಕುತ್ತದೆ. ನನಗೆ ಮಾತ್ರ ಅಂಗಡಿಯವರ ಮೇಲೆ ಸಿಟ್ಟು ಬರುವುದಿಲ್ಲ. ಚೌಕಾಸಿಗೆ ಮೊದಲೇ ಹೇಳಬೇಕಿತ್ತು, ನಿಜ. ಹೇಳಿದ ವಿಷಯದಲ್ಲಿ ತಪ್ಪಿಲ್ಲ.

40,000 ರೂಪಾಯಿಯ ಲ್ಯಾಪ್‌ಟಾಪನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡೆವೆನ್ನಿ. ಬ್ಯಾಂಕು ಶೇ. 2ರಂತೆ ಮುರಿದುಕೊಂಡರೆ 800 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, 144. ಅಂಗಡಿಯವರ ಖಾತೆಗೆ 944 ರೂಪಾಯಿ ಕಡಿಮೆ ಬೀಳುತ್ತದೆ. ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲಿರುವ ಸಣ್ಣ ವ್ಯಾಪಾರಿಯಾದರೆ ಆ 144ನ್ನು ತೆರಿಗೆಯಲ್ಲಿ ಹೊಂದಿಸಿಕೊಳ್ಳುವ ಹಾಗೂ ಇಲ್ಲ. ದೊಡ್ಡ ಮಳಿಗೆಯವರು ಬ್ಯಾಂಕಿನ ಜೊತೆ ಜಗ್ಗಾಡಿ ದರ ಇಳಿಸಿಕೊಳ್ಳುತ್ತಾರೆ. ಒಂದೇ ಸ್ವೈಪಿಂಗ್ ಮಷೀನು ಇಟ್ಟುಕೊಂಡವರ ಮಾತನ್ನು ಅಲ್ಲಿ ಯಾರು ಕೇಳುತ್ತಾರೆ?

ಆ 800ರಲ್ಲಿ ದೊಡ್ಡ ಪಾಲು ಸೇರುವುದು ನಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. ನಮ್ಮ ರಿವಾರ್ಡ್ ಪಾಯಿಂಟು, ಕ್ಯಾಶ್‌ಬ್ಯಾಕು, ವಿಮಾನ ನಿಲ್ದಾಣದ ಲೌಂಜಿನ ಊಟಕ್ಕೆಲ್ಲ ಬಹುಮಟ್ಟಿಗೆ ಈ ದುಡ್ಡೇ ಮೂಲ. ಅಂಗಡಿಯವರು ಎರಡು ಪರ್ಸೆಂಟ್ ಕೇಳದೆ ಸುಮ್ಮನಿದ್ದರೆ ಖರ್ಚೇನೂ ಮಾಯವಾಗುವುದಿಲ್ಲ. ಇಂದಲ್ಲ ನಾಳೆ ಎಲ್ಲರ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಆಗ ಮಗಳ ಓದಿಗೆಂದು ನೂರರ ನೋಟುಗಳನ್ನು ಎಣಿಸಿ ಅದೇ ಲ್ಯಾಪ್‌ಟಾಪ್ ಕೊಳ್ಳುವ ಗಾರೆ ಕೆಲಸದವನೂ ನನ್ನ ಪಾಯಿಂಟುಗಳಿಗೆ ದುಡ್ಡು ತೆತ್ತಂತೆ. ಅವನ ಹತ್ತಿರ ಕ್ರೆಡಿಟ್ ಕಾರ್ಡಿಲ್ಲ. ಕೇಳಿದರೂ ಬ್ಯಾಂಕು ಕೊಡುವುದು ಅನುಮಾನ. ಈ ಅನ್ಯಾಯ ನನ್ನನ್ನು ಕಾಡುತ್ತದೆ. ಕಾರ್ಡು ನನ್ನದು, ಅನುಕೂಲ ನನ್ನದು, 30–40 ದಿನದ ಸಾಲವೂ ನನ್ನದು. ಖರ್ಚೂ ನನ್ನದಾಗಲಿ.

ಡೆಬಿಟ್ ಕಾರ್ಡಿನ ವಿಷಯ ಬೇರೆ. ಅಲ್ಲಿ ಗಿರಾಕಿಯಿಂದ ಹೆಚ್ಚುವರಿ ಕೇಳಬಾರದೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿದೆ. 2018ರ ಜನವರಿಯಿಂದ, ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವ ಅಂಗಡಿಗಳಿಗೆ ಡೆಬಿಟ್ ಕಾರ್ಡಿನ ಶುಲ್ಕ ಶೇ. 0.40 ಮೀರುವಂತಿಲ್ಲ. 2020ರಿಂದ ರುಪೇ ಡೆಬಿಟ್ ಕಾರ್ಡಿಗೆ, ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಶುಲ್ಕವೇ ಇಲ್ಲ. ಇಷ್ಟಾಗಿಯೂ ಡೆಬಿಟ್ ಕಾರ್ಡಿಗೆ ಎರಡು ಪರ್ಸೆಂಟ್ ಕೇಳುವವರ ಪರ ನಾನು ನಿಲ್ಲಲಾರೆ.

ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯನ್ನು ರಿಸರ್ವ್ ಬ್ಯಾಂಕು ಹಾಕಿಲ್ಲ. ಗಿರಾಕಿಯಿಂದ ಶುಲ್ಕ ವಸೂಲಿ ಮಾಡಬಾರದೆಂದು ಮಷೀನಿನ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಆದರೆ ಇದೇ ದೇಶದಲ್ಲಿ ಆದಾಯ ತೆರಿಗೆಯನ್ನು ಪೇಮೆಂಟ್ ಗೇಟ್‌ವೇ ಮೂಲಕ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಶುಲ್ಕ ಕಟ್ಟುವವರದೇ. ಪೆಟ್ರೋಲ್ ಬಂಕಿನಲ್ಲೂ ಸರ್‌ಚಾರ್ಜ್ ಬೀಳುತ್ತದೆ. ಎಷ್ಟೋ ಕಾರ್ಡುಗಳು ಅದನ್ನು ಮನ್ನಾ ಮಾಡುತ್ತೇವೆಂದೇ ಜಾಹೀರಾತು ಹಾಕುತ್ತವೆ. ಸರ್ಕಾರಕ್ಕೆ, ತೈಲ ಕಂಪನಿಗೆ ಸಲ್ಲುವುದು ಕಂಪ್ಯೂಟರ್ ಅಂಗಡಿಯವರಿಗೆ ಯಾಕೆ ಸಲ್ಲಬಾರದು?

ಸಣ್ಣ ಅಂಗಡಿಯ ಡೆಬಿಟ್ ಕಾರ್ಡಿಗೆ ಮಿತಿ ಹಾಕಿದ ರಿಸರ್ವ್ ಬ್ಯಾಂಕು ಕ್ರೆಡಿಟ್ ಕಾರ್ಡಿಗೂ ಹಾಕಬೇಕು. ಬ್ಯಾಂಕು ಎಷ್ಟು ಮುರಿದುಕೊಂಡಿತು ಎಂಬುದು ಗಿರಾಕಿಯ ಚೀಟಿಯಲ್ಲೂ ಅಚ್ಚಾಗಿರಬೇಕು. ಅಲ್ಲಿಯವರೆಗೆ ಅಂಗಡಿಯವರು ಬೋರ್ಡು ಬರೆದು ಗಲ್ಲಾದ ಮುಂದೆ ತೂಗುಹಾಕಲಿ. ಮುರಿದುಕೊಂಡಷ್ಟೇ ಕೇಳಲಿ, ಅದಕ್ಕೆ ಬಿಲ್ಲನ್ನೂ ಕೊಡಲಿ. ನಾನು ಕೊಡುತ್ತೇನೆ.