ಮಾಗಡಿ ಕೆರೆಯ ದಂಡೆಯಲ್ಲಿ ಸೂರ್ಯಗ್ರಹಣ

ಗ್ರಹಣವೆಂದೊಡನೆ ಒಲೆ ಆರಿಸುವ, ನೀರಿನ ಕೊಡಕ್ಕೆ ದರ್ಭೆ ಹಾಕುವ, ಬಸುರಿಯರನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸುವ ರೂಢಿ ನಮ್ಮ ಲಿಂಗವಂತರ ಮನೆಗಳಲ್ಲಿಯೂ ಉಳಿದುಬಂದಿದೆ. ಇಷ್ಟಲಿಂಗ ಧರಿಸಿದವರಿಗೆ ಸೂತಕವಿಲ್ಲವೆಂದು ಶರಣರು ಸಾರಿ ಎಂಟು ಶತಮಾನಗಳು ಕಳೆದಿದ್ದರೂ ಆ ದಿನ ಮಾತ್ರ ಪಂಚಾಂಗದ ಮಾತೇ ಮೇಲಾಗುತ್ತದೆ. 2019ರ ಡಿಸೆಂಬರ್ 26ರಂದು ನಾವು ಬೆಳಗಿನ ಜಾವವೇ ಲಿಂಗಪೂಜೆ, ಪ್ರಸಾದ ಮುಗಿಸಿ ಗದಗಿನಿಂದ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೊರಟೆವು. ಜೊತೆಯಲ್ಲಿ ಏಳು ತಿಂಗಳ ಬಸುರಿಯಾದ ಸೊಸೆಯೂ ಇದ್ದಳು.

ಅವಳು ಬರುವುದಕ್ಕೆ ನಮ್ಮ ತಾಯಿಯವರು ಒಪ್ಪಿರಲಿಲ್ಲ. "ಕೂಸಿಗೆ ಏನರ ಆದ್ರ ಯಾರು ಹೊಣಿ?" ಎಂದರು. 1980ರ ಫೆಬ್ರುವರಿ 16ರ ಪೂರ್ಣಗ್ರಹಣವನ್ನು ಅವರು ಬಾಗಿಲು ಮುಚ್ಚಿಕೊಂಡೇ ಕಳೆದವರು. ಅಂದು ಅಂಕೋಲೆಯ ಕಡೆಯಿಂದ ರಾಯಚೂರಿನವರೆಗೆ ನಮ್ಮ ಸೀಮೆಯ ಮೇಲೆಯೇ ಚಂದ್ರನ ನೆರಳು ಹಾದುಹೋಗಿತ್ತು. ಮಧ್ಯಾಹ್ನದಲ್ಲಿ ಎರಡೂವರೆ ನಿಮಿಷದಷ್ಟು ಕತ್ತಲಾಗಿ, ಹೊಲದಲ್ಲಿದ್ದ ದನಗಳು ತಾವಾಗಿಯೇ ಮನೆಗೆ ಬಂದವೆಂದು ಅವರೇ ಹೇಳುತ್ತಿದ್ದರು. ಸೊಸೆ ಅದನ್ನೇ ಹಿಡಿದಳು: "ಅಮ್ಮಾ, ಆವಾಗ ನಮ್ಮ ಗಬ್ಬದ ಆಕಳೂ ಹೊರಗ ಇತ್ತಂತಲ್ರಿ, ಅದರ ಕರಕ್ಕ ಏನಾತ್ರಿ?" ತಾಯಿಯವರು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಹಿಟ್ಟಿನ ಜರಡಿಯನ್ನು ತಂದು ಅವಳ ಕೈಗಿತ್ತರು. ಬರಿಗಣ್ಣಿನಿಂದ ಮೇಲೆ ನೋಡಬೇಡ, ನೆರಳಿನಲ್ಲಿ ನೋಡು ಎಂದು.

ಎಂಟು ಗಂಟೆಯ ಸುಮಾರಿಗೆ ಗ್ರಹಣ ಹಿಡಿಯಿತು. ಕೆರೆಯ ಮೇಲೆ ಪಟ್ಟೆತಲೆ ಹೆಬ್ಬಾತುಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ನೆತ್ತಿಯ ಹಿಂದೆ ಎರಡು ಕರಿಪಟ್ಟೆಗಳುಳ್ಳ ಈ ಅತಿಥಿಗಳು ಟಿಬೆಟ್, ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವಂಥವು. ಇರುಳೆಲ್ಲ ಕಡಲೆ, ಶೇಂಗಾ ಹೊಲಗಳಲ್ಲಿ ಮೇದು ಹಗಲಿಗೆ ನೀರನ್ನು ಸೇರುತ್ತವೆ. ಬೆಳೆ ಹಾಳಾದರೂ ಇವನ್ನು ಸಹಿಸಿಕೊಂಡ ರೈತರ ಉಪಕಾರ ದೊಡ್ಡದು. ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಒಂಬತ್ತೂವರೆಯ ಹೊತ್ತಿಗೆ ಸೂರ್ಯನ ಮುಕ್ಕಾಲು ಪಾಲು ಮರೆಯಾಗಿತ್ತು. ಮಂಗಳೂರು, ಕೊಡಗಿನ ಕಡೆ ಕಂಕಣ ಕಂಡ ಸಮಯವದು. ಇಲ್ಲಿ ಬಿಸಿಲು ಬೆಳದಿಂಗಳಿನಂತೆ ತಣ್ಣಗಾಯಿತು. ಜರಡಿಯನ್ನು ಹಿಡಿದರೆ ನೆಲದ ಮೇಲೆ ನೂರಾರು ಕುಡುಗೋಲುಗಳು! ಬೇವಿನ ಮರದಡಿಯೂ ಅದೇ ಚಿತ್ರ. ಎಲೆಗಳ ಸಂದುಗಳೇ ಅಲ್ಲಿ ಜರಡಿಯ ತೂತುಗಳು. ಹೆಬ್ಬಾತುಗಳು ಮಾತ್ರ ಗರಿ ತಿದ್ದಿಕೊಳ್ಳುತ್ತ ಕುಳಿತೇ ಇದ್ದವು. ಬೆಳ್ಳಕ್ಕಿಯೊಂದು ಮೀನು ಹಿಡಿದು ಗ್ರಹಣಕಾಲದಲ್ಲಿಯೇ ನುಂಗಿತು. ಸೊಸೆ ನಕ್ಕು ಬುತ್ತಿಯನ್ನು ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ ಎಲ್ಲರ ಕೈಗೆ ಬಂದವು.

ಅದೇ ಹೊತ್ತಿನಲ್ಲಿ ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾದೀತೆಂಬ ಆಸೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರೆಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು. ಹೆತ್ತವರ ಸಂಕಟ ನಮಗೆ ಅರ್ಥವಾಗದ್ದಲ್ಲ. ಆದರೆ ಆ ಮಕ್ಕಳ ಅಳು ಕಲ್ಯಾಣದ ನೆಲದಲ್ಲಿಯೇ ಕೇಳಿಬಂದಿತೆಂಬುದು ನಮ್ಮನ್ನು ಬಹಳ ದಿನ ಕಾಡಿತು.

ಸೊಸೆಗೆ ಫೆಬ್ರುವರಿಯ ಕೊನೆಯಲ್ಲಿ ಹೆಣ್ಣುಕೂಸು ಹುಟ್ಟಿತು. 2027ರ ಆಗಸ್ಟ್ 2ರ ಇಳಿಹೊತ್ತಿನಲ್ಲಿ ನಮ್ಮ ಕಡೆ ಮತ್ತೆ ಭಾಗಶಃ ಗ್ರಹಣವಿದೆ. ಹೆಬ್ಬಾತುಗಳು ಆಗ ಇಲ್ಲಿರುವುದಿಲ್ಲ, ನವೆಂಬರಿಗೆ ಬರುತ್ತವೆ. ಜರಡಿಯನ್ನು ತಾನೇ ಹಿಡಿಯುವೆನೆಂದು ಮಗು ಈಗಲೇ ಹೇಳಿಟ್ಟಿದೆ.